ಕಡಲಾಚೆಯ ಸಾಕ್ಷಿಯ ಕಾಗದಕ್ಕೆ ಕೋರ್ಟಿನಲ್ಲಿ ಎಷ್ಟು ಬೆಲೆ?

ಅಫಿಡವಿಟ್ ಇಲ್ಲದೆ ನಮ್ಮ ಕೋರ್ಟುಗಳಲ್ಲಿ ಒಂದು ಕಡತವೂ ಅಲುಗಾಡುವುದಿಲ್ಲ. ತಡೆಯಾಜ್ಞೆಗೆ ಅಫಿಡವಿಟ್, ವಿಳಂಬ ಮನ್ನಾ ಮಾಡಿ ಎಂಬ ಅರ್ಜಿಗೆ ಅಫಿಡವಿಟ್, ವಾರಸುದಾರರನ್ನು ದಾವೆಗೆ ಸೇರಿಸಲು ಇನ್ನೊಂದು ಅಫಿಡವಿಟ್. ಹೀಗಿದ್ದೂ 1872ರ ಸಾಕ್ಷ್ಯ ಕಾಯ್ದೆ ತನ್ನ ಮೊದಲ ಕಲಮಿನಲ್ಲೇ ಅದನ್ನು ಹೊಸ್ತಿಲಾಚೆ ನಿಲ್ಲಿಸಿತ್ತು. ಕೋರ್ಟಿಗೆ ಸಲ್ಲಿಸುವ ಅಫಿಡವಿಟ್ಟುಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಅಲ್ಲಿ ಬರೆದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಮಾತನ್ನು ಹಾಗೆಯೇ ಉಳಿಸಿಕೊಂಡಿದೆ. ಅಂದರೆ ಬರೆದು, ಪ್ರಮಾಣ ಮಾಡಿ, ಸಹಿ ಹಾಕಿದ ಕಾಗದ ತಾನಾಗಿಯೇ ಸಾಕ್ಷ್ಯವಾಗುವುದಿಲ್ಲ. ಬೇರೊಂದು ಕಾನೂನು ಅಥವಾ ಕೋರ್ಟಿನ ಆದೇಶ ಅದನ್ನು ಕೈಹಿಡಿದು ಒಳಗೆ ಕರೆದುಕೊಳ್ಳಬೇಕು.

ಬರೆದವರು ಊರಿನಲ್ಲೇ ಇದ್ದರೆ ಇದು ದೊಡ್ಡ ತೊಡಕಲ್ಲ. ನ್ಯಾಯಾಧೀಶರು ಕರೆಸುತ್ತಾರೆ, ಎದುರು ಪಕ್ಷದ ವಕೀಲರು ಪಾಟೀಸವಾಲು ಮಾಡುತ್ತಾರೆ. ಬರೆದವರು ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಮೆಲ್ಬರ್ನ್‌ನಲ್ಲೋ ಇದ್ದಾಗ ಕಷ್ಟ ಶುರುವಾಗುತ್ತದೆ. ಕರ್ನಾಟಕದ ಮಟ್ಟಿಗೆ ಇದು ಅಪರೂಪದ ಸಂಗತಿಯೂ ಅಲ್ಲ. ಮೈಸೂರಿನ ಮನೆಯ ಪಾಲು, ಮಂಗಳೂರಿನ ಫ್ಲ್ಯಾಟಿನ ಕ್ರಯ ಕರಾರು, ಬೆಂಗಳೂರಿನ ಫ್ಯಾಮಿಲಿ ಕೋರ್ಟಿನ ವಿಚ್ಛೇದನದ ಅರ್ಜಿ, ತೀರಿಹೋದ ತಂದೆಯ ಉಯಿಲು ಮುಂತಾದ ವ್ಯಾಜ್ಯಗಳಲ್ಲಿ ಒಬ್ಬ ಪಕ್ಷಗಾರನೋ ಮುಖ್ಯ ಸಾಕ್ಷಿಯೋ ಹೊರದೇಶದಲ್ಲಿರುವುದು ಈಗ ಮಾಮೂಲು. ಅವರ ಬರಹದ ಹೇಳಿಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ನಮ್ಮ ಉತ್ತರ ಅರ್ಧ ಕಾಗದದ ಮೇಲೂ ಅರ್ಧ ಪರದೆಯ ಮೇಲೂ ನಿಂತಿದೆ.

ಮೊದಲು ಒಂದು ಸುಲಭದ ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಹೊರದೇಶದಲ್ಲಿರುವವರು ತಮ್ಮನಿಗೋ ಭಾವನಿಗೋ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಟ್ಟು, ಇನ್ನು ಕೋರ್ಟಿನ ಕೆಲಸವೆಲ್ಲ ಅವನದೇ ಎಂದು ನಿಶ್ಚಿಂತರಾಗುತ್ತಾರೆ. ಜಿಪಿಎ ಹೋಲ್ಡರ್ ವಕಾಲತ್ತಿಗೆ ಸಹಿ ಹಾಕಬಹುದು, ದಾವೆ ಹೂಡಬಹುದು, ತಾನೇ ಮಾಡಿದ ವ್ಯವಹಾರದ ಬಗ್ಗೆ ಹೇಳಿಕೆ ಕೊಡಬಹುದು. ಅಣ್ಣನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅಣ್ಣನ ಪರವಾಗಿ ಸಾಕ್ಷಿ ನುಡಿಯಲಾರ. ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿ ಇಪ್ಪತ್ತು ವರ್ಷ ದಾಟಿದೆ. 2010ರ ಮಾನ್ ಕೌರ್ ತೀರ್ಪು ಕ್ರಯ ಕರಾರಿನ ದಾವೆಗಳಿಗೂ ಈ ತತ್ವವನ್ನು ಬಿಗಿಗೊಳಿಸಿತು. ಹಣ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳಲು ನಾನು ಸದಾ ಸಿದ್ಧನಿದ್ದೆ ಎಂಬುದು ಕೊಳ್ಳುವವನ ಮನಸ್ಸಿನ ಮಾತು, ಅದನ್ನು ಅವನೇ ಬಂದು ಹೇಳಬೇಕು. ತಾಲ್ಲೂಕು ಕೋರ್ಟುಗಳಲ್ಲಿ ಇವತ್ತಿಗೂ ಜಿಪಿಎ ಹೋಲ್ಡರ್‌ನನ್ನು ಕಟಕಟೆಗೆ ಹತ್ತಿಸಿ, ವಾದದ ಹಂತದಲ್ಲಿ ಕೈಸುಟ್ಟುಕೊಳ್ಳುವವರಿದ್ದಾರೆ.

ಹಾಗಾದರೆ ಹೊರದೇಶದ ಸಾಕ್ಷಿಯೇ ಬರೆದು ಕಳಿಸಿದರೆ? ಸಿವಿಲ್ ದಾವೆಗಳಲ್ಲಿ ಇದಕ್ಕೆ 2002ರ ಜುಲೈ 1ರಂದು ದೊಡ್ಡ ಬಾಗಿಲೊಂದು ತೆರೆಯಿತು. ಅಂದಿನಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 4ನೇ ನಿಯಮದಂತೆ ಸಾಕ್ಷಿಯ ಮುಖ್ಯ ವಿಚಾರಣೆ ಅಫಿಡವಿಟ್ ರೂಪದಲ್ಲೇ ಬರಬೇಕು. ಅದಕ್ಕೂ ಮೊದಲು ವಕೀಲರು ಒಂದೊಂದೇ ಪ್ರಶ್ನೆ ಕೇಳಿ, ಸಾಕ್ಷಿ ಉತ್ತರಿಸಿ, ನ್ಯಾಯಾಧೀಶರು ಬರೆಸುತ್ತಿದ್ದರು. ಒಬ್ಬ ಸಾಕ್ಷಿಗೆ ಎರಡು ಮೂರು ಮುದ್ದತು ಹಿಡಿಯುತ್ತಿತ್ತು. ಹೊಸ ನಿಯಮದಿಂದ ಸಮಯ ಉಳಿಯಿತು ನಿಜ. ಆದರೆ ಸಾಕ್ಷಿಯ ಮಾತು ವಕೀಲರ ಕಚೇರಿಯ ಕಂಪ್ಯೂಟರಿನಲ್ಲಿ ಹುಟ್ಟತೊಡಗಿತು. ಹಳ್ಳಿಯ ಹೆಣ್ಣುಮಗಳೊಬ್ಬಳು ‘ಸದರಿ ಅನುಸೂಚಿತ ಸ್ವತ್ತಿನ ಸ್ವಾಧೀನಾನುಭವ’ ಎಂದು ಪ್ರಮಾಣ ಮಾಡುವ ಅಫಿಡವಿಟ್ಟುಗಳನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಆ ಮಾತಿನಲ್ಲಿ ಅವಳದೆಷ್ಟು, ವಕೀಲರದೆಷ್ಟು ಎಂದು ತಿಳಿಯಲು ಉಳಿದಿರುವ ಸಾಧನ ಪಾಟೀಸವಾಲು ಒಂದೇ. ಹಾಗಾಗಿ ಸಾಕ್ಷಿ ಪಾಟೀಸವಾಲಿಗೆ ಸಿಗದೆ ಹೋದರೆ ಅಫಿಡವಿಟ್ಟನ್ನು ಪಕ್ಕಕ್ಕಿಡುವುದೇ ಕೋರ್ಟುಗಳ ರೂಢಿ.

19ನೇ ಆದೇಶದಲ್ಲಿ ಇನ್ನೊಂದು ದಾರಿಯಿದೆ. ಸಾಕಷ್ಟು ಕಾರಣವಿದ್ದರೆ ನಿರ್ದಿಷ್ಟ ಸಂಗತಿಯನ್ನು ಬರೀ ಅಫಿಡವಿಟ್ ಮೂಲಕವೇ ಸಾಬೀತು ಮಾಡಲು ಕೋರ್ಟು ಅನುಮತಿ ಕೊಡಬಹುದು. ಅದಕ್ಕೆ ಅಂಟಿಕೊಂಡೇ ಒಂದು ಷರತ್ತಿದೆ. ಎದುರಿನವರು ಪ್ರಾಮಾಣಿಕವಾಗಿ ಪಾಟೀಸವಾಲು ಬಯಸಿದರೆ, ಮತ್ತು ಸಾಕ್ಷಿಯನ್ನು ಹಾಜರುಪಡಿಸಲು ಸಾಧ್ಯವಿದ್ದರೆ, ಆ ಅನುಮತಿ ಕೊಡುವಂತಿಲ್ಲ. ‘ಸಾಧ್ಯವಿದ್ದರೆ’ ಎಂಬ ಮಾತು ಹಡಗಿನ ಕಾಲದ್ದು. ವಾಟ್ಸ್ಆ್ಯಪ್ ಕಾಲದಲ್ಲಿ ಅದನ್ನು ಹೇಗೆ ಓದಬೇಕು ಎಂಬಲ್ಲೇ ಇಡೀ ವಿಷಯದ ಗಂಟು ಇದೆ.

ಆ ಗಂಟನ್ನು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಡಲಾಚೆಯ ಸಾಕ್ಷ್ಯದ ಸಮಸ್ಯೆ ಇಂಗ್ಲಿಷ್ ಕಾನೂನಿಗೆ ದೊಡ್ಡದಾಗಿ ಎದುರಾದದ್ದು ನಮ್ಮ ದೇಶದ ಕಾರಣದಿಂದಲೇ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಬಂಗಾಳದಲ್ಲಿ ಮಾಡಿದ ಅನ್ಯಾಯಕ್ಕೆ ಲಂಡನ್ನಿನಲ್ಲಿ ಕೇಸು ಹಾಕಿದರೆ ಸಾಕ್ಷಿಗಳೆಲ್ಲ ಇಲ್ಲಿರುತ್ತಿದ್ದರು. 1773ರ ರೆಗ್ಯುಲೇಟಿಂಗ್ ಕಾಯ್ದೆ ಇದಕ್ಕೊಂದು ಉಪಾಯ ಮಾಡಿತು. ವೆಸ್ಟ್‌ಮಿನ್‌ಸ್ಟರ್‌ನ ಕೋರ್ಟು ಇಲ್ಲಿನ ನ್ಯಾಯಾಧೀಶರಿಗೆ ಆಜ್ಞೆ ಕಳಿಸುವುದು, ಅವರು ಸಾಕ್ಷಿಗಳನ್ನು ಕರೆಸಿ ಬಹಿರಂಗವಾಗಿ ವಿಚಾರಿಸಿ ಬರೆಸಿಕೊಳ್ಳುವುದು, ಆ ಬರಹ ಮುದ್ರೆಯೊಂದಿಗೆ ಹಡಗು ಹತ್ತುವುದು. 1831ರಲ್ಲಿ ಬ್ರಿಟಿಷ್ ಸಂಸತ್ತು ಇದೇ ಏರ್ಪಾಟನ್ನು ಉಳಿದ ವಸಾಹತುಗಳಿಗೂ ವಿಸ್ತರಿಸಿತು. ಗಮನಿಸಬೇಕಾದ್ದೆಂದರೆ, ಅಂದೂ ಸಾಕ್ಷಿ ಒಬ್ಬನೇ ಕೂತು ಬರೆದ ಕಾಗದವನ್ನು ಸ್ವೀಕರಿಸಲಿಲ್ಲ. ನ್ಯಾಯಾಧೀಶರ ಮುಂದೆ ಪ್ರಶ್ನೋತ್ತರದಲ್ಲಿ ಬಂದ ಮಾತನ್ನೇ ಕಾಗದಕ್ಕಿಳಿಸಿದರು. ಇಂದಿಗೂ ನಮ್ಮ ಸಂಹಿತೆಗಳಲ್ಲಿರುವ ಕಮಿಷನ್ ಮತ್ತು ವಿನಂತಿ ಪತ್ರದ ವ್ಯವಸ್ಥೆ ಇದೇ ಜಾತಿಗೆ ಸೇರಿದ್ದು.

ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ನಮ್ಮ ಸಾಕ್ಷ್ಯ ಕಾಯ್ದೆಯನ್ನು ರೂಪಿಸಿದ ಹೊತ್ತಿಗೆ ಸೂಯೆಜ್ ಕಾಲುವೆ ತೆರೆದು ಮೂರು ವರ್ಷವೂ ತುಂಬಿರಲಿಲ್ಲ. ನಿವೃತ್ತ ಕಲೆಕ್ಟರನನ್ನು ಸಾಕ್ಷಿ ಹೇಳಲು ಇಂಗ್ಲೆಂಡಿನಿಂದ ಕರೆಸುವುದೆಂದರೆ ತಿಂಗಳುಗಳ ಮಾತು. ಹಾಗಾಗಿ ಆತ 32 ಮತ್ತು 33ನೇ ಕಲಮುಗಳನ್ನು ಇಟ್ಟ. ಸತ್ತವರು, ಪತ್ತೆಯಿಲ್ಲದವರು, ಮತ್ತು ಕರೆಸಲು ಅತಿಯಾದ ವಿಳಂಬವೋ ಖರ್ಚೋ ಆಗುವಂಥವರು ಮೊದಲೇ ಹೇಳಿದ್ದನ್ನು ಕೆಲವು ಸಂದರ್ಭಗಳಲ್ಲಿ ಪರಿಗಣಿಸಬಹುದು. ಹಿಂದಿನ ಪ್ರಕರಣದಲ್ಲಿ ಕೊಟ್ಟ ಸಾಕ್ಷ್ಯವಾದರೆ, ಅಂದು ಅದೇ ಪಕ್ಷಗಾರರಿರಬೇಕು, ಅದೇ ಪ್ರಶ್ನೆಗಳಿರಬೇಕು, ಎದುರಿನವರಿಗೆ ಪಾಟೀಸವಾಲಿನ ಹಕ್ಕೂ ಅವಕಾಶವೂ ಇದ್ದಿರಬೇಕು. ಹೊಸ ಅಧಿನಿಯಮದಲ್ಲಿ ಇವು 26, 27ನೇ ಕಲಮುಗಳಾಗಿವೆ, ಒಳಗಿನ ತಿರುಳು ಹಳೆಯದೇ. ಬದಲಾದದ್ದು ವಿಳಂಬ ಮತ್ತು ಖರ್ಚಿನ ಅಳತೆ. ನ್ಯೂಯಾರ್ಕಿನ ಸಾಕ್ಷಿಯನ್ನು ಕುಂದಾಪುರದ ಕೋರ್ಟಿನಲ್ಲಿ ಪರದೆಯ ಮೇಲೆ ನೋಡಬಹುದಾದರೆ, ಆತ ಸಿಗುವುದಿಲ್ಲ, ಅವನ ಕಾಗದವನ್ನೇ ಓದಿಕೊಳ್ಳಿ ಎಂಬ ವಾದಕ್ಕೆ ಬಲವೆಲ್ಲಿ ಉಳಿಯಿತು?

ಈ ಬದಲಾವಣೆಗೆ ಮುದ್ರೆ ಬಿದ್ದದ್ದು 2003ರ ಏಪ್ರಿಲ್ 1ರಂದು, ಮಹಾರಾಷ್ಟ್ರ ಸರ್ಕಾರ ಮತ್ತು ಡಾ. ಪ್ರಫುಲ್ಲ ದೇಸಾಯಿ ನಡುವಿನ ಪ್ರಕರಣದಲ್ಲಿ. ಕ್ಯಾನ್ಸರ್ ರೋಗಿಯೊಬ್ಬರನ್ನು ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ತಜ್ಞರು ಪರೀಕ್ಷಿಸಿ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎಂದಿದ್ದರು. ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಗೆ ಮುಂದಾದದ್ದು ನಿರ್ಲಕ್ಷ್ಯ ಎಂಬುದು ಆರೋಪ. ಅಮೆರಿಕದ ಆ ವೈದ್ಯರು ಸಾಕ್ಷಿ ಹೇಳಲು ಒಪ್ಪಿದರು, ಭಾರತಕ್ಕೆ ಬರಲು ಒಪ್ಪಲಿಲ್ಲ. ಸಾಕ್ಷ್ಯವನ್ನು ಆರೋಪಿಯ ಸಮಕ್ಷಮದಲ್ಲೇ ದಾಖಲಿಸಬೇಕೆಂದು ಆಗಿನ ದಂಡ ಪ್ರಕ್ರಿಯಾ ಸಂಹಿತೆ ಹೇಳುತ್ತಿತ್ತಲ್ಲ, ಪರದೆಯ ಮೇಲಿನ ಮುಖ ಸಮಕ್ಷಮವೇ? ಬಾಂಬೆ ಹೈಕೋರ್ಟ್ ಅಲ್ಲವೆಂದಿತು, ಸುಪ್ರೀಂ ಕೋರ್ಟ್ ಹೌದೆಂದಿತು. ವೈದ್ಯರು ಬೆದರಿಕೆ, ಒತ್ತಾಯಗಳಿಗೆ ಸಿಗದ ದೂರದಲ್ಲಿದ್ದರೂ ಆರೋಪಿಯ ವಕೀಲರ ಪ್ರಶ್ನೆಗೆ ಅಲ್ಲಿಯೇ ಉತ್ತರಿಸಬೇಕಾಗುತ್ತದೆ, ಅಷ್ಟು ಸಾಕು ಎಂಬುದು ತೀರ್ಪಿನ ಸಾರ. ಇಷ್ಟೆಲ್ಲ ಹೋರಾಟವಾದ ಮೇಲೆ 2013ರಲ್ಲಿ ಸುಪ್ರೀಂ ಕೋರ್ಟೇ ಡಾ. ದೇಸಾಯಿ ಅವರನ್ನು ಖುಲಾಸೆ ಮಾಡಿತು. ಆದರೆ ದಾರಿ ಆಗಲೇ ತೆರೆದಾಗಿತ್ತು. 2008ರ ಮುಂಬೈ ದಾಳಿಯ ಪ್ರಕರಣದಲ್ಲಿ ಡೇವಿಡ್ ಹೆಡ್ಲಿ 2016ರ ಫೆಬ್ರುವರಿಯಲ್ಲಿ ಅಮೆರಿಕದ ಸೆರೆಯಿಂದಲೇ ಮುಂಬೈಯ ವಿಶೇಷ ಕೋರ್ಟಿಗೆ ಸಾಕ್ಷಿ ನುಡಿದದ್ದು, ಮಾರ್ಚ್‌ನಲ್ಲಿ ಪಾಟೀಸವಾಲಿಗೆ ಉತ್ತರಿಸಿದ್ದು ಇದೇ ದಾರಿಯಲ್ಲಿ.

ಅದೇ 2003ರಲ್ಲಿ ಕರ್ನಾಟಕ ಹೈಕೋರ್ಟ್ ಕೊಟ್ಟ ಒಂದು ತೀರ್ಪು ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚು ಕುತೂಹಲದ್ದು. ಹಾಲಿವುಡ್‌ನ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮತ್ತು ಎನ್‌ಆರ್‌ಐ ಫಿಲ್ಮ್ ಪ್ರೊಡಕ್ಷನ್ ಅಸೋಸಿಯೇಟ್ಸ್ ನಡುವಿನ ಸಿವಿಲ್ ವ್ಯಾಜ್ಯವದು. ಹೊರದೇಶದ ಸಾಕ್ಷಿಗಳನ್ನು ಪರದೆಯ ಮೂಲಕ ವಿಚಾರಿಸಲು ಕೆಳ ಕೋರ್ಟು ಒಪ್ಪಿರಲಿಲ್ಲ. ಹೈಕೋರ್ಟ್ ಒಪ್ಪಿತು, ಜೊತೆಗೆ ಷರತ್ತುಗಳ ಪಟ್ಟಿಯನ್ನೇ ಕೊಟ್ಟಿತು. ಪರದೆಯ ಮೇಲೆ ಕಾಣುವವನು ತಾನೇ ಎಂದು ಸಾಕ್ಷಿ ಮೊದಲು ನ್ಯಾಯಾಧೀಶರ ಅಥವಾ ನೋಟರಿಯ ಮುಂದೆ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ಅದರ ಪ್ರತಿ ಎದುರಿನವರಿಗೆ ಹೋಗಬೇಕು. ದಾವಾಪತ್ರ, ಪ್ರತಿವಾದಪತ್ರ, ದಾಖಲೆಗಳ ಒಂದು ಕಟ್ಟನ್ನು ಸಾಕ್ಷಿಗೆ ಮುಂಚೆಯೇ ತಲುಪಿಸಿ, ತಲುಪಿತೆಂಬ ಸ್ವೀಕೃತಿಯನ್ನು ಕೋರ್ಟಿಗೆ ಹಾಜರುಪಡಿಸಬೇಕು. ವಿಚಾರಣೆ ನಡೆಯುವಾಗ ಸಾಕ್ಷಿಯ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲವೆಂದು ನೋಟರಿ ದೃಢೀಕರಿಸಬೇಕು. ಎರಡೂ ಕಡೆ ಚಿತ್ರೀಕರಣವಾಗಬೇಕು. ಆಕ್ಷೇಪಣೆಗಳನ್ನು ಅಲ್ಲಲ್ಲೇ ತೀರ್ಮಾನಿಸದೆ ಬರೆದಿಟ್ಟುಕೊಂಡು ವಾದದ ಹಂತದಲ್ಲಿ ನೋಡಬೇಕು. ಕೊನೆಗೆ ಅಚ್ಚಾದ ಹೇಳಿಕೆ ಮತ್ತೆ ಕಡಲು ದಾಟಿ ಹೋಗಿ, ನೋಟರಿಯ ಎದುರು ಸಾಕ್ಷಿಯ ಸಹಿ ಪಡೆದು ಹಿಂತಿರುಗಬೇಕು. ಖರ್ಚೆಲ್ಲ ಈ ಸೌಲಭ್ಯ ಬಯಸಿದವರದು.

ಷರತ್ತುಗಳನ್ನು ಸಾಲಾಗಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಕಾಗದಕ್ಕೆ ಬದಲಾಗಿ ಬಂದ ಪರದೆ ತನ್ನ ಹಿಂದೆ ಮುಂದೆ ಇನ್ನಷ್ಟು ಕಾಗದವನ್ನು ಎಳೆದು ತಂದಿದೆ. ಇದನ್ನು ನಾನು ಹಳಿಯುತ್ತಿಲ್ಲ. ಕ್ಯಾಮೆರಾ ಕಾಣಿಸದ ಮೂಲೆಯಲ್ಲಿ ಕೂತು ಯಾರೋ ಉತ್ತರ ಹೇಳಿಕೊಡುವುದನ್ನು ತಡೆಯಲು ಅಷ್ಟು ಎಚ್ಚರ ಬೇಕೇ ಬೇಕು. ಆದರೆ ಒಂದು ಷರತ್ತಿನ ಬಗ್ಗೆ ಮಾತ್ರ ನಗು ಬರುತ್ತದೆ. ವಿಚಾರಣೆ ಭಾರತದ ಕೋರ್ಟಿನ ಸಮಯದಲ್ಲೇ ನಡೆಯಬೇಕು, ಗಡಿಯಾರದ ವ್ಯತ್ಯಾಸದಿಂದ ತೊಂದರೆ ಎಂಬ ನೆಪ ಕೂಡದು. ಬೆಂಗಳೂರಿನ ಬೆಳಗಿನ ಹತ್ತೂವರೆಗೆ ನ್ಯೂಯಾರ್ಕಿನಲ್ಲಿ ಚಳಿಗಾಲವಾದರೆ ನಡುರಾತ್ರಿ ಹನ್ನೆರಡು, ಬೇಸಿಗೆಯಾದರೆ ಒಂದು. ಅದೇ ತೀರ್ಪು, ಸಾಕ್ಷಿಯ ಹಾವಭಾವವನ್ನೂ ನ್ಯಾಯಾಧೀಶರು ದಾಖಲಿಸಬಹುದು ಎನ್ನುತ್ತದೆ. ನಡುರಾತ್ರಿ ನಿದ್ದೆಗೆಟ್ಟು ಕೂತವನ ಮುಖದಲ್ಲಿ ಕಾಣುವ ತಡವರಿಕೆ ಸುಳ್ಳಿನದೋ ತೂಕಡಿಕೆಯದೋ?

ಕಾಗದವೇ ಕಳಿಸುವುದಾದರೆ ಅದಕ್ಕೆ ಬೀಳುವ ಮುದ್ರೆಗಳ ಬಗ್ಗೆಯೂ ಹೇಳಬೇಕು. ಹೊರದೇಶದಲ್ಲಿರುವವರು ಭಾರತದ ರಾಯಭಾರ ಕಚೇರಿಯಲ್ಲೋ ಕಾನ್ಸುಲೇಟಿನಲ್ಲೋ ಅಧಿಕಾರಿಯ ಮುಂದೆ ಪ್ರಮಾಣ ಮಾಡಬಹುದು. 1948ರ ಕಾಯ್ದೆಯೊಂದು ಆ ಅಧಿಕಾರಿಗಳಿಗೆ ನೋಟರಿಯ ಅಧಿಕಾರ ಕೊಟ್ಟಿದೆ. ಇಲ್ಲವಾದರೆ ಆ ದೇಶದ ನೋಟರಿಯ ಮುಂದೆ ಸಹಿ ಮಾಡಿ, ಅದರ ಮೇಲೆ ಅಪೊಸ್ಟಿಲ್ ಹಾಕಿಸಬಹುದು. 2005ರಿಂದ ಭಾರತ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಆದರೆ ಜನ ಈ ಅಪೊಸ್ಟಿಲ್ಲನ್ನು ಕಂಡು ಸುಮ್ಮನೆ ಬೆರಗಾಗುತ್ತಾರೆ. ಸಹಿ ಹಾಕಿದ ನೋಟರಿ ನಿಜವಾದ ನೋಟರಿ, ಮುದ್ರೆ ಅವನದೇ ಎಂಬುದಷ್ಟೇ ಅದರ ಅರ್ಥ. ಒಳಗಿನ ಹೇಳಿಕೆ ಹಸಿ ಸುಳ್ಳಾದರೂ ಅಪೊಸ್ಟಿಲ್ ಅಷ್ಟೇ ಚೆಂದವಾಗಿ ಕೂತಿರುತ್ತದೆ.

ಸುಳ್ಳು ಹೇಳಿದರೆ ಏನಾಗುತ್ತದೆ? ಊರಿನ ಸಾಕ್ಷಿಗೆ ಸುಳ್ಳು ಸಾಕ್ಷ್ಯದ ಮೊಕದ್ದಮೆಯ ಭಯವಿದೆ, ನಮ್ಮಲ್ಲಿ ಅದು ನಡೆಯುವುದು ಅಪರೂಪವಾದರೂ. ಹೊರದೇಶದಲ್ಲಿರುವ ಭಾರತೀಯ ಪ್ರಜೆಗೂ ನಮ್ಮ ದಂಡ ಸಂಹಿತೆ ಕಾಗದದ ಮೇಲೆ ಅನ್ವಯವಾಗುತ್ತದೆ. ಅಮೆರಿಕದ ಪೌರತ್ವ ಪಡೆದು ಅಲ್ಲೇ ನೆಲೆಸಿದವರನ್ನು ಶಿವಮೊಗ್ಗದ ಮ್ಯಾಜಿಸ್ಟ್ರೇಟರು ಎಲ್ಲಿಂದ ಹಿಡಿದು ತರಿಸುತ್ತಾರೆ? ಪ್ರಮಾಣದ ಹಿಂದಿನ ದಂಡಭಯ ಇಲ್ಲದಿದ್ದಾಗ ಪ್ರಮಾಣಕ್ಕೆ ತೂಕ ಕಡಿಮೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ.

ಕ್ರಿಮಿನಲ್ ಪ್ರಕರಣಗಳಲ್ಲಿ ಪಟ್ಟು ಇನ್ನೂ ಬಿಗಿ. ಅಲ್ಲಿ ಅಫಿಡವಿಟ್ ಬರೀ ಔಪಚಾರಿಕ ಸಂಗತಿಗಳಿಗೆ ಮೀಸಲು. ಹೊರದೇಶದಿಂದ ಹೇಳಿಕೆ ತರಿಸುವ ದೊಡ್ಡ ಸಾಧನ ಲೆಟರ್ ರೊಗೇಟರಿ, ಅಂದರೆ ನಮ್ಮ ಕೋರ್ಟು ಅಲ್ಲಿನ ಕೋರ್ಟಿಗೆ ಬರೆಯುವ ವಿನಂತಿ ಪತ್ರ. ಬೊಫೋರ್ಸ್ ಗದ್ದಲದ ದಿನಗಳಲ್ಲಿ, 1990ರಲ್ಲಿ, ದಂಡ ಪ್ರಕ್ರಿಯಾ ಸಂಹಿತೆಗೆ 166ಎ ಎಂಬ ಕಲಮು ಸೇರಿತು. ಪತ್ರಿಕೆಗಳಲ್ಲಿ ಇಂಥ ಪತ್ರದ ಸುದ್ದಿ ಬಂದಾಗಲೆಲ್ಲ ಕೇಸು ಗೆದ್ದಂತೆಯೇ ಎಂಬ ಭಾವನೆ ಹಬ್ಬುತ್ತದೆ. ಕಲಮನ್ನು ಓದಿದರೆ ಬೇರೆ ಕಥೆ. ಹಾಗೆ ಬಂದ ಹೇಳಿಕೆಯನ್ನು ತನಿಖೆಯ ಹಂತದಲ್ಲಿ ಸಂಗ್ರಹಿಸಿದ ಸಾಕ್ಷ್ಯವೆಂದು ಭಾವಿಸಬೇಕು ಎಂದಷ್ಟೇ ಅಲ್ಲಿತ್ತು. ಅದನ್ನು ನೆಚ್ಚಿ ಆರೋಪಪಟ್ಟಿ ಸಲ್ಲಿಸಬಹುದು. ಶಿಕ್ಷೆ ಕೊಡಿಸಬೇಕಾದರೆ ಸಾಕ್ಷಿ ಮತ್ತೆ ಕೋರ್ಟಿನ ಮುಂದೆ, ಕಟಕಟೆಯಲ್ಲೋ ಪರದೆಯಲ್ಲೋ, ಮಾತಾಡಬೇಕು.

ಇಂಗ್ಲೆಂಡ್ ನಮಗೆ ಈ ಕಾನೂನನ್ನೆಲ್ಲ ಕಲಿಸಿ ತಾನು ಬೇರೆ ದಾರಿ ಹಿಡಿಯಿತು. 1995ರ ಸಿವಿಲ್ ಸಾಕ್ಷ್ಯ ಕಾಯ್ದೆಯ ನಂತರ ಅಲ್ಲಿನ ಸಿವಿಲ್ ಕೋರ್ಟುಗಳಲ್ಲಿ, ಕೇಳಿಕೆಯ ಮಾತು ಎಂಬ ಕಾರಣಕ್ಕೆ ಲಿಖಿತ ಹೇಳಿಕೆಯನ್ನು ಹೊರಗಿಡುವಂತಿಲ್ಲ. ಒಳಗೆ ಬಂದ ಮೇಲೆ ಅದರ ತೂಕವನ್ನು ನ್ಯಾಯಾಧೀಶರು ಅಳೆಯುತ್ತಾರೆ. ಹೇಳಿದವರನ್ನೇ ಕರೆತರಲು ಆಗುತ್ತಿತ್ತೇ, ಘಟನೆಯಾದ ಹೊತ್ತಿಗೇ ಬರೆದದ್ದೇ, ಮುಚ್ಚಿಡಲು ಕಾರಣವಿತ್ತೇ, ತಿದ್ದಿ ತೀಡಿದ್ದೇ ಎಂಬ ಪ್ರಶ್ನೆಗಳನ್ನು ಕಾಯ್ದೆಯೇ ಪಟ್ಟಿ ಮಾಡಿದೆ. ಕ್ರಿಮಿನಲ್ ಕಡೆ 2003ರ ಕಾಯ್ದೆ, ಸಾಕ್ಷಿ ಬ್ರಿಟನ್ನಿನ ಹೊರಗಿದ್ದು ಕರೆಸುವುದು ವ್ಯಾವಹಾರಿಕವಾಗಿ ಸಾಧ್ಯವಿಲ್ಲದಿದ್ದರೆ ಅವನ ಹೇಳಿಕೆಯನ್ನು ಓದಲು ಬಿಡುತ್ತದೆ. ಆ ಹೇಳಿಕೆಯೇ ಪ್ರಕರಣದ ಆಧಾರವಾಗಿದ್ದು, ನೆಚ್ಚಲು ಯೋಗ್ಯವಲ್ಲ ಎನಿಸಿದರೆ ನ್ಯಾಯಾಧೀಶರು ವಿಚಾರಣೆಯನ್ನೇ ನಿಲ್ಲಿಸಬಹುದು.

ಪರದೆಯ ವಿಚಾರದಲ್ಲೂ ಇಂಗ್ಲೆಂಡ್ ಧಾರಾಳಿ. ಚಿತ್ರ ನಿರ್ದೇಶಕ ರೋಮನ್ ಪೊಲಾನ್ಸ್ಕಿ ಅಮೆರಿಕಕ್ಕೆ ಹಸ್ತಾಂತರವಾಗುವ ಭಯದಿಂದ ಲಂಡನ್ನಿಗೆ ಕಾಲಿಡದೆ, ತನ್ನ ಮಾನನಷ್ಟ ಮೊಕದ್ದಮೆಯಲ್ಲಿ ಪ್ಯಾರಿಸ್ಸಿನಿಂದಲೇ ಸಾಕ್ಷಿ ಹೇಳಲು 2005ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂರಕ್ಕೆ ಎರಡರ ಬಹುಮತದಿಂದ ಒಪ್ಪಿತು. ಆತ ಗೆದ್ದು 50,000 ಪೌಂಡ್ ಪರಿಹಾರವನ್ನೂ ಪಡೆದ. ಇಷ್ಟಾದರೂ 2021ರಲ್ಲಿ ಅಲ್ಲಿನ ವಲಸೆ ನ್ಯಾಯಮಂಡಳಿ ಅಗ್‌ಬಬಿಯಾಕ ಪ್ರಕರಣದಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಇನ್ನೊಂದು ದೇಶದ ನೆಲದಲ್ಲಿ ಕೂತವರ ಬಾಯಿಮಾತಿನ ಸಾಕ್ಷ್ಯವನ್ನು ಪರದೆಯಲ್ಲಿ ಪಡೆಯುವ ಮುನ್ನ, ಆ ದೇಶಕ್ಕೆ ಆಕ್ಷೇಪವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ರಾಜತಾಂತ್ರಿಕ ಕಿರಿಕಿರಿ. ಲಿಖಿತ ಹೇಳಿಕೆಗೆ ಈ ಅನುಮತಿ ಬೇಕಿಲ್ಲ. ಹೀಗೆ ಪಾಟೀಸವಾಲಿಗೆ ಸಿಗುವ ಮಾತಿಗೆ ಗಡಿಯಲ್ಲಿ ತಡೆ, ಪಾಟೀಸವಾಲಿಗೆ ಸಿಗದ ಕಾಗದಕ್ಕೆ ತಡೆಯಿಲ್ಲ! ದೇಶಗಳ ಸಾರ್ವಭೌಮತ್ವದ ಲೆಕ್ಕದಲ್ಲಿ ಇದು ಸರಿ ಇರಬಹುದು, ನ್ಯಾಯದ ಲೆಕ್ಕದಲ್ಲಿ ತಲೆಕೆಳಗು.

ಈ ಇಡೀ ಪ್ರಶ್ನೆಯ ನೋವು ಎಲ್ಲಿದೆ ಎಂದು ತೋರಿಸಲು ನನಗೆ ಸಿಕ್ಕ ಅತ್ಯುತ್ತಮ ಪ್ರಕರಣ ಜರ್ಮನಿಯದು. 2007ರ ಫೆಬ್ರುವರಿಯಲ್ಲಿ ಗಟಿಂಗೆನ್ ನಗರದ ಒಂದು ಫ್ಲ್ಯಾಟಿನಲ್ಲಿದ್ದ ಇಬ್ಬರು ಲಾಟ್ವಿಯಾದ ಹೆಂಗಸರನ್ನು ದರೋಡೆ ಮಾಡಲಾಯಿತು. ಅವರು ಪೊಲೀಸರ ಮುಂದೆ, ನಂತರ ತನಿಖಾ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟು ಊರಿಗೆ ಹೊರಟುಹೋದರು. ಆಗ ಆರೋಪಿಗೆ ತನಿಖೆಯ ಸುಳಿವೂ ಇರಲಿಲ್ಲ, ಅವನ ಪರ ವಕೀಲರೂ ಇರಲಿಲ್ಲ. ವಿಚಾರಣೆಗೆ ಕರೆದರೆ, ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ ಎಂದು ಅವರು ವೈದ್ಯಕೀಯ ಪ್ರಮಾಣಪತ್ರ ಕಳಿಸಿದರು. ಲಾಟ್ವಿಯಾದ ಕೋರ್ಟಿನಿಂದ ಪರದೆಯ ಮೂಲಕ ವಿಚಾರಿಸಲು ದಿನ ಗೊತ್ತಾಗಿ, ಅದೂ ರದ್ದಾಯಿತು. ಕೊನೆಗೆ ಜರ್ಮನ್ ಕೋರ್ಟು ಅವರ ಹೇಳಿಕೆಗಳನ್ನು ಓದಿಸಿ, ಸಂದರ್ಭದ ಬೇರೆ ಸಾಕ್ಷ್ಯಗಳನ್ನೂ ಕೂಡಿಸಿಕೊಂಡು, ಶಾಟ್‌ಶಾಶ್ವಿಲಿ ಎಂಬ ಆರೋಪಿಗೆ ಒಂಬತ್ತೂವರೆ ವರ್ಷ ಸಜೆ ವಿಧಿಸಿತು. ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2015ರ ಡಿಸೆಂಬರ್ 15ರಂದು, ಇದು ನ್ಯಾಯಯುತ ವಿಚಾರಣೆಯಲ್ಲ ಎಂದಿತು. ಒಂಬತ್ತಕ್ಕೆ ಎಂಟರ ಬಹುಮತ, ಅಂದರೆ ಕೂದಲೆಳೆಯ ಅಂತರ. ಜರ್ಮನ್ ಕೋರ್ಟು ಸಾಕ್ಷಿಗಳನ್ನು ಕರೆಸಲು ಕೈಲಾದದ್ದನ್ನೆಲ್ಲ ಮಾಡಿತ್ತು ಎಂದು ಬಹುಮತವೂ ಒಪ್ಪಿತು. ಲೋಪವಾದದ್ದು ಬಹಳ ಮೊದಲು. ಸಾಕ್ಷಿಗಳು ಊರು ಬಿಡುತ್ತಾರೆಂದು ಗೊತ್ತಿದ್ದೂ, ಆ ಮೊದಲ ವಿಚಾರಣೆಗೆ ಆರೋಪಿಯ ಪರವಾಗಿ ಒಬ್ಬ ವಕೀಲರನ್ನು ನೇಮಿಸಿ ಪ್ರಶ್ನೆ ಕೇಳಿಸಿರಲಿಲ್ಲ.

ನಮ್ಮಲ್ಲಿ ಹೆಚ್ಚುಕಡಿಮೆ ಇದೇ ಲೋಪ ದಿನವೂ ನಡೆಯುತ್ತದೆ ಎಂಬುದು ನನ್ನ ಅನಿಸಿಕೆ. ಗೋಕರ್ಣಕ್ಕೋ ಹಂಪಿಗೋ ಬಂದ ವಿದೇಶಿ ಪ್ರವಾಸಿಯ ಮೇಲೆ ಅಪರಾಧವಾದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ದಾಖಲಾಗುತ್ತದೆ. ಅಲ್ಲಿ ಆರೋಪಿಯ ವಕೀಲರಿಗೆ ಜಾಗವಿಲ್ಲ. ವೀಸಾ ಮುಗಿದು ಆಕೆ ಹೊರಡುತ್ತಾಳೆ, ವಿಚಾರಣೆ ಶುರುವಾಗುವ ಹೊತ್ತಿಗೆ ಕೈಯಲ್ಲಿ ಉಳಿಯುವುದು, ಶಿಕ್ಷೆಗೆ ತಾನಾಗಿ ಆಧಾರವಾಗಲಾರದ ಒಂದು ಕಾಗದ. ಸಂತ್ರಸ್ತೆಗೂ ನ್ಯಾಯವಿಲ್ಲ, ಆರೋಪಿಗೂ ಇಲ್ಲ.

ಈಗಿನ ಪರಿಹಾರವೆಂದರೆ ಪರದೆ. 2020ರಲ್ಲಿ ಕೋವಿಡ್ ಒತ್ತಡದಲ್ಲಿ ಹೈಕೋರ್ಟುಗಳು ವಿಡಿಯೋ ಕಾನ್ಫರೆನ್ಸ್ ನಿಯಮಗಳನ್ನು ಮಾಡಿಕೊಂಡವು. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಸಾಕ್ಷಿಯನ್ನು ಪರದೆಯಲ್ಲಿ ವಿಚಾರಿಸಲು ಅವಕಾಶ ಕೊಟ್ಟಿದೆ. ಹೊರದೇಶದ ಸಾಕ್ಷಿಯಾದರೆ ಅವನ ಪಕ್ಕದಲ್ಲಿ ನಮ್ಮ ಕಾನ್ಸುಲೇಟಿನ ಅಧಿಕಾರಿಯೊಬ್ಬರು ಇರಬೇಕೆಂಬುದು ಸಾಮಾನ್ಯ ನಿರೀಕ್ಷೆ. ಹಾಲಿವುಡ್ ಕಂಪನಿಗೆ ಇದೆಲ್ಲ ಭಾರವಲ್ಲ. ಕಾನ್ಸುಲೇಟಿನಿಂದ ಆರು ಗಂಟೆ ದಾರಿಯ ಊರಿನಲ್ಲಿ ಟ್ಯಾಕ್ಸಿ ಓಡಿಸುವವನಿಗೆ, ಗಲ್ಫಿನಲ್ಲಿ ಮಾಲೀಕನ ರಜೆ ಕಾಯುವ ಕರಾವಳಿಯ ಕೆಲಸಗಾರನಿಗೆ ಇದು ಭಾರ. ಅವನ ಕೈಗೆಟುಕುವುದು ನೋಟರಿಯ ಮುದ್ರೆ ಬಿದ್ದ ಕಾಗದವೊಂದೇ. ಅದಕ್ಕೆ ಕೋರ್ಟು ಕೊಡುವ ಬೆಲೆ ನಾವು ಕಂಡಂತೆ ಅತ್ಯಲ್ಪ. ಪರದೆ ಬಂದದ್ದರಿಂದ ಕಾಗದದ ಬೆಲೆ ಇಳಿಯಿತು, ಪರದೆ ಮಾತ್ರ ಎಲ್ಲರಿಗೂ ಸಿಗಲಿಲ್ಲ.

ಸಿವಿಲ್ ಸಂಹಿತೆಯ 18ನೇ ಆದೇಶದಲ್ಲೇ, ಅಫಿಡವಿಟ್ಟಿನ ನಿಯಮದಿಂದ ಕೆಲವೇ ಸಾಲು ಕೆಳಗೆ, 16ನೇ ನಿಯಮವಿದೆ. ಸಾಕ್ಷಿ ಕೋರ್ಟಿನ ವ್ಯಾಪ್ತಿ ಬಿಟ್ಟು ಹೊರಡುವವನಿದ್ದರೆ, ದಾವೆ ದಾಖಲಾದ ಮೇಲೆ ಯಾವಾಗ ಬೇಕಾದರೂ ಅರ್ಜಿ ಹಾಕಿ, ಅವನ ಸಾಕ್ಷ್ಯವನ್ನು ತಕ್ಷಣ, ಎದುರಿನವರ ಪಾಟೀಸವಾಲಿನೊಂದಿಗೆ ದಾಖಲಿಸಿಕೊಳ್ಳಬಹುದು. ಹೊರದೇಶದಲ್ಲಿರುವ ಮಗ ದಸರೆಗೆಂದು ಮೂರು ವಾರ ರಜೆಯ ಮೇಲೆ ಊರಿಗೆ ಬಂದಿದ್ದಾಗ ಆ ಅರ್ಜಿ ಹಾಕುವ ವಕೀಲರು ಕಡಿಮೆ, ಹಾಕಿದರೂ ವಿವಾದಾಂಶಗಳು ಇನ್ನೂ ರಚನೆಯಾಗಿಲ್ಲ ಎಂದು ಮುಂದೂಡುವ ಕೋರ್ಟುಗಳು ಹೆಚ್ಚು. ಕ್ರಿಮಿನಲ್ ಕಡೆ ಇದಕ್ಕೆ ಸಮನಾದ ನಿಯಮವೊಂದನ್ನು, ಆರೋಪಿಯ ಪರ ವಕೀಲರನ್ನು ಆ ಹಂತದಲ್ಲೇ ನೇಮಿಸುವ ಷರತ್ತಿನೊಂದಿಗೆ, ಹೊಸ ಸಂಹಿತೆ ಬರೆಯುವಾಗ ಸೇರಿಸಬಹುದಿತ್ತು. ಸೇರಿಸಲಿಲ್ಲ. ಸಿವಿಲ್ ಕಡೆಯಲ್ಲಾದರೂ ಅರ್ಜಿಯ ಕರಡು ಒಂದೇ ಪುಟ, ಜೊತೆಗಿಡಬೇಕಾದದ್ದು ಮಗನ ವಾಪಸು ಟಿಕೆಟ್ಟಿನ ಪ್ರತಿ.